ಇಬ್ಬರೂ ಹೇಳಿದ್ದು ಬದಲಾವಣೆಯೇ!

ಚುನಾವಣೆ ಬಂತೆಂದರೆ ಅಂಗೈಯಲ್ಲಿ ಅರಮನೆ ತೋರಿಸುವವರಿಗೆ ನಮ್ಮ ದೇಶದಲ್ಲೇನೂ ಬರವಿಲ್ಲ. ಆದರೆ ಅಮೆರಿಕದಲ್ಲೂ ಅದೇ ಕಥೆ ಎಂದರೆ ನಂಬುತ್ತೀರೋ ಇಲ್ಲವೋ! ಮದುವೆಯಾಗಿ ಹಾಸನದಿಂದ ಬಂದು ಒಹಾಯೊ ರಾಜ್ಯದಲ್ಲಿ ಸಂಸಾರ ಹೂಡಿದ ನನಗೆ ಇಲ್ಲಿನ ಪೌರತ್ವ ಸಿಕ್ಕಿದ್ದು 2007ರಲ್ಲಿ. ಮರುವರ್ಷವೇ ಅಧ್ಯಕ್ಷರ ಚುನಾವಣೆ. ಒಂದು ಕಡೆ 47ರ ಬರಾಕ್ ಒಬಾಮ, ಇನ್ನೊಂದು ಕಡೆ 72ರ ಜಾನ್ ಮೆಕೇನ್. ಒಬಾಮ ಅವರ ಸಭೆಗಳಲ್ಲಿ ಎತ್ತ ನೋಡಿದರೂ ‘ಬದಲಾವಣೆ’ ಎಂಬ ಫಲಕ. ಸರಿ, ಇವರು ಹೊಸದು, ಅವರು ಹಳೆಯದು ಎಂದುಕೊಂಡರೆ, ಸೆಪ್ಟೆಂಬರಿನ ಪಕ್ಷದ ಸಮಾವೇಶದಲ್ಲಿ ಮೆಕೇನ್ ಕೂಡ ಬದಲಾವಣೆ ಬರುತ್ತಿದೆ ಎಂದೇ ಸಾರಿದರು! ಎರಡು ಡಬ್ಬಕ್ಕೂ ಒಂದೇ ಚೀಟಿ ಅಂಟಿಸಿದ್ದರೆ ಯಾವುದನ್ನು ಕೊಳ್ಳುವುದು, ನೀವೇ ಹೇಳಿ?

ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸುವವರು ಸಂಸದರು, ಶಾಸಕರು. ಇಲ್ಲಿ ಜನರೇ ಮತ ಹಾಕುತ್ತಾರೆ, ಆದರೆ ಲೆಕ್ಕ ರಾಜ್ಯವಾರು. ಒಟ್ಟು 538ರಲ್ಲಿ 270 ಬಂದವರು ಗೆದ್ದಂತೆ. ಆಗ ಒಹಾಯೊ ಪಾಲು 20. ಎತ್ತ ವಾಲುತ್ತದೋ ಹೇಳಲಾಗದ ರಾಜ್ಯ ಬೇರೆ. ಹಾಗಾಗಿ ಟೀವಿ ಹಾಕಿದರೆ ಅವರ ಜಾಹೀರಾತು, ಫೋನ್ ಎತ್ತಿದರೆ ಅವರದೇ ಮಾತು, ಒಗ್ಗರಣೆ ಹಾಕುವ ಹೊತ್ತಿಗೇ ಬಾಗಿಲು ತಟ್ಟುವ ಕಾರ್ಯಕರ್ತರು.

ಮನೆಯೊಳಗೂ ಎರಡು ಪಕ್ಷ. ನಮ್ಮ ಯಜಮಾನರು ಮೆಕೇನ್ ಕಡೆ. “ವಿಯೆಟ್ನಾಂನಲ್ಲಿ ಐದೂವರೆ ವರ್ಷ ಸೆರೆಯಲ್ಲಿದ್ದು ಬಂದ ಮನುಷ್ಯ ಕಣೇ, ಸುಮ್ನೆ ಅಲ್ಲ” ಎನ್ನುವರು. ಕಾಲೇಜಿನಲ್ಲಿದ್ದ ಮಗಳು ಒಬಾಮ ಬಿಲ್ಲೆ ಸಿಕ್ಕಿಸಿಕೊಂಡೇ ಊಟಕ್ಕೆ ಕೂರುವಳು. ಹಾಸನದಿಂದ ಅಮ್ಮ ಫೋನಿನಲ್ಲಿ, “ಅಲ್ಲ ಕಣೇ, ಗಂಡ ಹೇಳಿದವರಿಗೆ ಹಾಕಿ ಬರೋದಕ್ಕೆ ಇಷ್ಟೊಂದು ತಲೆ ಕೆಡಿಸ್ಕೋತೀಯಲ್ಲ!” ಎಂದಳು. ಅಮ್ಮನಿಗೆ ಏನು ಹೇಳಲಿ? ನಕ್ಕು ಸುಮ್ಮನಾದೆ.

ತಲೆ ಕೆಡಿಸಿಕೊಳ್ಳಲು ಕಾರಣವಿತ್ತು. ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ದೊಡ್ಡ ಸಂಸ್ಥೆ ದಿವಾಳಿ ಎದ್ದಿತು. ಅದರ ಹಿಂದೆಯೇ ಎಲ್ಲೆಲ್ಲೂ ಕೆಲಸದಿಂದ ತೆಗೆಯುವ ಸುದ್ದಿ. ಇವರ ಕಂಪನಿಯಲ್ಲೂ ಪಿಸುಮಾತು ಶುರುವಾಯಿತು. ಇವರಿಗೆ ಆಗ 52, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಅಮೆರಿಕದಲ್ಲಿ ಆಸ್ಪತ್ರೆ ಖರ್ಚು ಎಂದರೆ ಮನೆ ಮಾರುವ ಖರ್ಚು. ವಿಮೆ ಇಲ್ಲದೆ ಬದುಕಿಲ್ಲ, ವಿಮೆ ಬರುವುದು ನೌಕರಿಯಿಂದ. ನೌಕರಿ ಹೋಗಿ ನಾವೇ ಕೊಳ್ಳಲು ಹೋದರೆ, ಮೊದಲೇ ಕಾಯಿಲೆ ಇದೆ ಎಂದು ಕಂಪನಿಯವರು ಆಗೋಲ್ಲ ಎನ್ನಬಹುದಿತ್ತು. ಹೆಚ್ಚಿನ ರಾಜ್ಯಗಳಲ್ಲಿ ಆಗ ಅದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ.

ಇರಾಕ್ ಯುದ್ಧ, ತೆರಿಗೆ ಎಲ್ಲವನ್ನೂ ಕೇಳಿದೆ. ಕೊನೆಗೆ ನನ್ನ ತಕ್ಕಡಿಗೆ ಹಾಕಿದ್ದು ಇದೊಂದನ್ನೇ. ಸ್ವಾರ್ಥ ಅನ್ನಿ, ಬೇಡ ಅನ್ನೋಲ್ಲ. ಮನೆಖರ್ಚಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಬರೆದೆ: ದುಡ್ಡು ಯಾರದ್ದು? ಯಾರು ಒಪ್ಪಬೇಕು? ನಮಗೆ ಸಿಗುತ್ತಾ?

ಮೆಕೇನ್ ಹೇಳಿದ್ದು: ವಿಮೆ ಕೊಳ್ಳಲು ಸಂಸಾರಕ್ಕೆ 5,000 ಡಾಲರ್ ತೆರಿಗೆ ರಿಯಾಯಿತಿ. ಬದಲಿಗೆ ಕಂಪನಿ ನಮ್ಮ ವಿಮೆಗೆ ಕಟ್ಟುವ ಹಣವೂ ಆದಾಯವೆಂದು ಲೆಕ್ಕ. ಆ ವರ್ಷ ನೌಕರಿಯ ವಿಮೆ ಒಂದು ಸಂಸಾರಕ್ಕೆ ಸರಾಸರಿ 12,000 ಡಾಲರಿಗೂ ಮೇಲಿತ್ತು. ಮಿಕ್ಕಿದ್ದು ಎಲ್ಲಿಂದ ತರೋಣ? ಯಾವ ಕಂಪನಿಗೂ ಬೇಡವಾದ ರೋಗಿಗಳಿಗೆ ರಾಜ್ಯಗಳ ಜೊತೆ ಸೇರಿ ಬೇರೆ ಏರ್ಪಾಡು ಮಾಡುವೆ ಎಂದೂ ಅವರು ಹೇಳಿದ್ದರು. ಅದಕ್ಕೆಷ್ಟು ಹಣ ಎಂಬುದು ನನಗೆ ಸ್ಪಷ್ಟವಾಗಲಿಲ್ಲ.

ಒಬಾಮ ಹೇಳಿದ್ದು: ಕಾಯಿಲೆ ಇದ್ದವರಿಗೆ ವಿಮೆ ಇಲ್ಲ ಎನ್ನುವ ಹಾಗಿಲ್ಲ. ಇದು ನೇರವಾಗಿ ನಮ್ಮ ಮನೆಯ ಮಾತು! ಆದರೆ ಜೊತೆಗೇ, ಸಂಸಾರಕ್ಕೆ ವರ್ಷಕ್ಕೆ 2,500 ಡಾಲರ್ ಉಳಿಸುವೆ, ದೊಡ್ಡವರು ವಿಮೆ ಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ ಎಂದರು. ಇದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಕಾಯಿಲೆ ಬಿದ್ದ ಮೇಲೆ ಕೊಂಡರಾಯ್ತು ಎಂದು ಎಲ್ಲರೂ ಕೂತರೆ? ಕಂತು ಕಟ್ಟದೆ ಚೀಟಿ ಎತ್ತಿದ ಹಾಗಾಗಲಿಲ್ಲವೇ? ಅದೇ ಪಕ್ಷದ ಹಿಲರಿ ಕ್ಲಿಂಟನ್ ಕಡ್ಡಾಯ ಬೇಕೆಂದೇ ವಾದಿಸಿದ್ದರು. ಲೆಕ್ಕ ಗೊತ್ತಿದ್ದ ಹೆಂಗಸು.

ಅಕ್ಟೋಬರ್ 7ರಂದು ನ್ಯಾಶ್‌ವಿಲ್‌ನಲ್ಲಿ ಇಬ್ಬರ ಎರಡನೆಯ ಚರ್ಚೆ. ನನ್ನ ಹಾಗೆ ತೀರ್ಮಾನಕ್ಕೆ ಬಾರದ ಮತದಾರರನ್ನೇ ಆರಿಸಿ ಸುತ್ತ ಕೂಡಿಸಿದ್ದರು. ಚಿಕಿತ್ಸೆ ಎನ್ನುವುದು ಸವಲತ್ತೋ, ಹಕ್ಕೋ, ಹೊಣೆಯೋ ಎಂಬ ಪ್ರಶ್ನೆ ಬಂತು. ಹೊಣೆ ಎಂದರು ಮೆಕೇನ್. ಹಕ್ಕು ಎಂದರು ಒಬಾಮ. ಟೀವಿ ಆರಿಸಿ ಅಡುಗೆಮನೆಗೆ ಹೋದೆ. ಫ್ರಿಜ್ಜಿನಲ್ಲಿ ಇವರ ಇನ್ಸುಲಿನ್ ಡಬ್ಬಿ. ಹೊಣೆ ಹೊರಲು ನಾವೇನೂ ಹಿಂದೆಗೆದವರಲ್ಲ, ಮಾರುವವನೇ ಕೊಡೋಲ್ಲ ಎಂದರೆ ಏನು ಹೊರುವುದು?

ನವೆಂಬರ್ 4, ಮಂಗಳವಾರ. ಒಬಾಮ ಅವರಿಗೆ ಹಾಕಿ ಬಂದೆ. ಇವರು ಮೆಕೇನ್‌ಗೆ. ಒಂದೇ ಕಾರಿನಲ್ಲಿ ಹೋಗಿ ಒಬ್ಬರ ಮತವನ್ನೊಬ್ಬರು ಅಳಿಸಿ ಬಂದೆವು ಎಂದು ಮಗಳು ಗೇಲಿ ಮಾಡಿದಳು.

ಆಮೇಲಿನದು ಕೇಳಿ. 2010ರ ಮಾರ್ಚ್ 23ರಂದು ಒಬಾಮ ಕಾಯಿದೆಗೆ ಸಹಿ ಹಾಕಿದರು, ಎದುರು ಪಕ್ಷದ ಒಂದು ಮತವೂ ಇಲ್ಲದೆ. ಬೇಡವೆಂದಿದ್ದ ಕಡ್ಡಾಯವನ್ನು ಅವರೇ ಸೇರಿಸಿಕೊಂಡಿದ್ದರು! ಇದ್ದ ವಿಮೆ ಇಷ್ಟವಾದರೆ ಇಟ್ಟುಕೊಳ್ಳಿ ಎಂಬ ಇನ್ನೊಂದು ಮಾತನ್ನೂ ಕೊಟ್ಟಿದ್ದರು. 2013ರಲ್ಲಿ ಎಷ್ಟೋ ಜನರಿಗೆ ವಿಮೆ ರದ್ದಾದ ಕಾಗದ ಬಂತು. ಉಳಿತಾಯದ ಆ 2,500 ಡಾಲರನ್ನು ನಮ್ಮ ಮನೆಯಂತೂ ಕಾಣಲಿಲ್ಲ. ಆದರೆ 2014ರಿಂದ ಕಾಯಿಲೆಯ ನೆಪ ಹೇಳುವಂತಿರಲಿಲ್ಲ. ಮರುವರ್ಷ ಇವರು ನೌಕರಿ ಬಿಟ್ಟು ಸ್ವಂತ ಕೆಲಸ ಹಿಡಿದಾಗ ನಾವೇ ವಿಮೆ ಕೊಂಡೆವು. ದುಬಾರಿ, ಆದರೆ ಸಿಕ್ಕಿತು.

2017ರ ಜುಲೈ 28. ಕಾಯಿದೆಯ ಮುಖ್ಯ ಭಾಗಗಳನ್ನು ಕೀಳುವ ಮಸೂದೆ ಸೆನೆಟ್ ಮುಂದೆ ಬಂದಿತ್ತು. ಮಧ್ಯರಾತ್ರಿ ಕಳೆದಿತ್ತು, ಇವರು ಟೀವಿ ಮುಂದೆಯೇ. ಮೆಕೇನ್‌ಗೆ ಮಿದುಳಿನ ಕ್ಯಾನ್ಸರ್ ಎಂದು ಗೊತ್ತಾಗಿ ಹತ್ತು ದಿನವೂ ಆಗಿರಲಿಲ್ಲ. ಕಾಯಿದೆಯನ್ನು ವಿರೋಧಿಸಿದ್ದ ಅದೇ ಮನುಷ್ಯ ಎದ್ದು ಬಂದು ಕೈ ಚಾಚಿ ಹೆಬ್ಬೆರಳು ಕೆಳಗೆ ಮಾಡಿದರು. ಅವರ ಪಕ್ಷದ ಇಬ್ಬರು ಹೆಂಗಸರು, ಸೂಸನ್ ಕಾಲಿನ್ಸ್, ಲಿಸಾ ಮರ್ಕೌಸ್ಕಿ, ಮೊದಲೇ ಬೇಡವೆಂದಿದ್ದರು. 49ಕ್ಕೆ 51. ಮಸೂದೆ ಬಿತ್ತು.

“ನೋಡಿದ್ಯಾ, ನಾನು ಓಟು ಹಾಕಿದ ಮನುಷ್ಯ!” ಎಂದರು ಇವರು.

“ಉಳಿದದ್ದು ನಾನು ಓಟು ಹಾಕಿದವರ ಕಾಯಿದೆ” ಎಂದೆ.

ಟೀವಿ ಆರಿಸಿದೆವು. ಬೆಳಿಗ್ಗೆ ಎದ್ದು ಇನ್ಸುಲಿನ್ ತರಲು ಹೋಗಬೇಕಿತ್ತು.