ಒಣಗಿದ ಪೊದೆಯೊಳಗೆ ಒಂದು ಸಂಸಾರ

ದುಬೈ ಊರು ದಾಟಿ ಅಲ್ ಖುದ್ರಾ ರಸ್ತೆ ಹಿಡಿದರೆ ಮರ್ಮೂಮ್ ಮರುಭೂಮಿ ಸಂರಕ್ಷಿತ ಪ್ರದೇಶ. ರಜೆ ದಿನ ನಾವು ಅಲ್ಲಿನ ಕೆರೆ ನೋಡೋಕೆ ಹೋಗೋದು ಹೊಸದೇನಲ್ಲ. ಈ ಸಲ ಕೆರೆ ಬಿಟ್ಟು ಪೊದೆ ನೋಡಿದೆವು. ಬೆಳಗಿನ ಹೊತ್ತು ಗೌಜಲ ಹಕ್ಕಿಯ ಕೂಗು, ನಮ್ಮೂರ ಹೊಲದ ಬದುವಿನಲ್ಲಿ ಕೇಳೋದೇ. ಪಕ್ಕದ ಗಾಫ್ ಮರವೂ ನಮ್ಮ ದಸರೆಯ ಬನ್ನಿಯೇ. 2008ರಿಂದ ಅದು ಈ ದೇಶದ ರಾಷ್ಟ್ರೀಯ ಮರ.

ಆದರೆ ಇಲ್ಲಿಯವರಿಗೆ ಜೀವ ಅಂದ್ರೆ ಹುಬಾರಾ ಹಕ್ಕಿ. ನಮ್ಮ ಎರೆಭೂತದ ಬಳಗದ್ದು, ಗಾತ್ರ ಚಿಕ್ಕದು. ಗಿಡುಗ ಬಿಟ್ಟು ಇದನ್ನು ಬೇಟೆಯಾಡೋದು ಅರಬರ ಹಳೇ ಸಂಪ್ರದಾಯ. ಸಂಖ್ಯೆ ಕುಸಿದಾಗ ಶೇಖ್ ಜಾಯೆದ್ 1977ರಲ್ಲಿ ಅಲ್ ಐನ್‌ನಲ್ಲಿ ಸಾಕಿ ಮರಿ ಮಾಡಿಸೋ ಕೆಲಸ ಶುರು ಮಾಡಿಸಿದರು. ಮೊದಲ ಮರಿ ಬಂದದ್ದು 1982ರಲ್ಲಿ.

ಸಾಕಿದ ಹಕ್ಕಿ ತಂದು ಬಿಟ್ಟರೆ ಆಯ್ತೇ? ಹುಬಾರಾ ನೆಲ ಕೆದರಿ ಎರಡು ಮೂರು ಮೊಟ್ಟೆ ಇಡುತ್ತೆ. ಸುಮಾರು 23 ದಿನಕ್ಕೆ ಮರಿ. ದೊಡ್ಡ ಹಕ್ಕಿ ಚಿಗುರು, ಹಣ್ಣು, ಹುಳ ಏನಾದ್ರೂ ತಿಂದೀತು. ಎಳೇ ಮರಿಗೆ ಮಾತ್ರ ತಾಯಿ ಹಿಡಿದುಕೊಡೋ ಹುಳುಹುಪ್ಪಟೆಯೇ ಬೇಕು. ಹುಳ ಇರೋದು ಹುಲ್ಲು, ಪೊದೆಯ ಬುಡದಲ್ಲಿ. ಬಿಸಿಲಿಗೆ ನೆರಳು, ನರಿಯಿಂದ ಮರೆ, ಎಲ್ಲ ಅದೇ ಪೊದೆ. ಒಂಟೆ, ಆಡು ಮೇಯ್ದು ಬುಡ ಬೋಳಾದರೆ ಹಕ್ಕಿ ಬಿಟ್ಟೂ ಪ್ರಯೋಜನವಿಲ್ಲ. ದುಬೈಯ ಇನ್ನೊಂದು ಸಂರಕ್ಷಿತ ಪ್ರದೇಶದಲ್ಲಿ 225 ಚದರ ಕಿ.ಮೀ.ಗೆ ಬೇಲಿ ಹಾಕಿ ಒಂಟೆ ಮೇಯೋದು ತಡೆದರು. ಹುಲ್ಲು, ಪೊದೆ ಮತ್ತೆ ಎದ್ದವು. ಹುಬಾರಾಗಳನ್ನೂ ಅಲ್ಲಿ ಬಿಟ್ಟಿದ್ದಾರೆ.

ನಮ್ಮ ಕಡೆ ಆದದ್ದು ಉಲ್ಟಾ. ರಾಣೆಬೆನ್ನೂರು ಬಯಲಿನಲ್ಲಿ ಎರೆಭೂತ ಇತ್ತು. 1974ರಲ್ಲಿ ಅಭಯಾರಣ್ಯವೂ ಆಯ್ತು. ಹುಲ್ಲುಗಾವಲು ಅಂದ್ರೆ ಪಾಳು ನೆಲ ಅಂತ ತಿಳಿದು ನೀಲಗಿರಿ ತುಂಬಿಸಿದರು. ಕೃಷ್ಣಮೃಗ ಉಳಿಯಿತು, ಎರೆಭೂತ ಹೋಯ್ತು. ಮರ ನೆಟ್ಟು ಹಕ್ಕಿ ಕಳೆದುಕೊಂಡ ಊರಿನವರು ನಾವು ಅಂತ ಹೇಳಿಕೊಳ್ಳೋಕೆ ಸಂಕಟ ಆಗುತ್ತೆ.

ಮರ್ಮೂಮ್‌ಗೆ ಹೋಗೋರು ಇದ್ದಿಲು ರೂಮಿನಿಂದಲೇ ಒಯ್ಯಿರಿ. ಒಣಗಿದ ಹಾಗೆ ಕಾಣೋ ಪೊದೆ ಎಷ್ಟೋ ಸಲ ಸತ್ತಿರೋಲ್ಲ, ಒಂದು ಮಳೆಗೆ ಚಿಗುರುತ್ತೆ; ಮುರಿದು ಉರಿ ಹಾಕಬೇಡಿ. ಗಾಡಿಯೂ ದಾರಿ ಬಿಟ್ಟು ಇಳಿಸೋದು ಬೇಡ. ಹುಬಾರಾ ಮರಿ ಗಾಬರಿಯಾದರೆ ಓಡೋಲ್ಲ, ಮರಳಿಗೆ ಅಂಟಿಕೊಂಡು ಕೂತುಬಿಡುತ್ತೆ. ಮರಳಿನದೇ ಬಣ್ಣ, ಕಣ್ಣಿಗೆ ಬೀಳೋಲ್ಲ.