ಕೋವಿ ಖಾಲಿಯಾಗಿದ್ದರೂ...

2024ರ ಬಕ್ರೀದ್ ಹಬ್ಬದ ಮರುದಿನ. ಮಕ್ಕಳನ್ನು ಕರೆದುಕೊಂಡು ನಾವು ಭಾವನ, ಅಂದರೆ ನನ್ನ ಪತಿಯ ಅಣ್ಣನ ಮನೆಗೆ ಹೋಗಿದ್ದೆವು. ಲೋಕಸಭಾ ಚುನಾವಣೆ ಮುಗಿದು ಕೆಲವೇ ದಿನಗಳಾಗಿದ್ದವು. ಚುನಾವಣೆಯೆಂದು ಪೊಲೀಸ್ ಠಾಣೆಯಲ್ಲಿ ಇರಿಸಿದ್ದ ಕೋವಿಗಳು ಒಂದೊಂದಾಗಿ ಮನೆಗೆ ಮರಳುತ್ತಿದ್ದವು. ನಮ್ಮ ಕಡೆ ಅಡಿಕೆ ತೋಟವಿರುವ ಹಲವರ ಬಳಿ ಬೆಳೆ ರಕ್ಷಣೆಯ ಪರವಾನಿಗೆಯ ಕೋವಿ ಇರುತ್ತದೆ. ಮಂಗ, ಹಂದಿಗಳ ಕಾಟ ಅನುಭವಿಸಿದವರಿಗೆ ಅದರ ಅಗತ್ಯವೇನೆಂದು ಗೊತ್ತು. ಭಾವನದು ಜೋಡಿ ನಳಿಗೆಯ ಕೋವಿ. ಹಿಂದಿನ ದಿನವಷ್ಟೇ ಠಾಣೆಯಿಂದ ತಂದಿದ್ದರು. ಅದು ಇನ್ನೂ ಜಗಲಿಯ ಬೆಂಚಿನ ಮೇಲೆಯೇ ಇತ್ತು.

ಒಳಗೆ ಓರಗಿತ್ತಿಯೊಂದಿಗೆ ಚಹಾ ಕುಡಿಯುತ್ತಿದ್ದ ನನಗೆ ಹೊರಗಿನಿಂದ ಮಗಳ ಕಿರುಚಾಟ ಕೇಳಿಸಿತು. ಹೋಗಿ ನೋಡಿದರೆ, ಹತ್ತನೇ ತರಗತಿಯಲ್ಲಿ ಓದುವ ಭಾವನ ಮಗ ಕೋವಿಯನ್ನು ಹೆಗಲಿಗೇರಿಸಿ, ಸಿನೆಮಾದವರ ಹಾಗೆ ಒಂದು ಕಣ್ಣು ಮುಚ್ಚಿ, ನನ್ನ ಮಗಳತ್ತ ಗುರಿಯಿಟ್ಟು ನಿಂತಿದ್ದಾನೆ! ಅವಳು ಅರ್ಧ ನಗುತ್ತಾ ಅರ್ಧ ಹೆದರುತ್ತಾ ಕಂಬದ ಹಿಂದೆ ಅಡಗುತ್ತಿದ್ದಾಳೆ. ನನ್ನ ಬಾಯಿಂದ ಅದೆಂಥ ಸ್ವರ ಹೊರಟಿತೋ, ಇಡೀ ಮನೆಯೇ ಜಗಲಿಗೆ ಬಂತು.

"ಖಾಲಿ ಉಂಟು ಚಿಕ್ಕಮ್ಮಾ" ಎಂದ ಹುಡುಗ, ಬೆಪ್ಪಾಗಿ.

ಭಾವ ಬಂದು ಕೋವಿಯನ್ನು ತೆಗೆದುಕೊಂಡು, ನಡುವಿಗೆ ಮುರಿದು ತೋರಿಸಿದರು. ಎರಡೂ ನಳಿಗೆಗಳಲ್ಲಿ ಏನೂ ಇರಲಿಲ್ಲ. ಆಚೆ ಬದಿಯ ಬೆಳಕು ಕಾಣುತ್ತಿತ್ತು. "ನಮ್ಮ ಟೀಚರಿಗೆ ಖಾಲಿ ಕೋವಿ ಕಂಡರೂ ಹೆದರಿಕೆ" ಎಂದು ಅವರು ನಕ್ಕರು. ಎಲ್ಲರೂ ನಕ್ಕರು, ನನ್ನ ಪತಿಯೂ. ಭಾವನೆದುರು ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ಅಂದು ಸುಮ್ಮನಿರಲು ಆಗಲಿಲ್ಲ. "ಭಾವಾ, ಅದು ಖಾಲಿ ಎಂದು ನಿಮಗೆ ಈಗ ಗೊತ್ತಾಯಿತು. ಮುರಿದು ನೋಡಿದ ಮೇಲೆ. ಅವನು ನೋಡಿಯೇ ಗುರಿಯಿಟ್ಟನೇ?" ಎಂದು ಕೇಳಿಯೇ ಬಿಟ್ಟೆ. ನಗು ನಿಂತಿತು. ಹಬ್ಬದ ಮನೆಯಲ್ಲಿ ಮುಖಗಳು ಗಂಟಿಕ್ಕಿದವು. ದಾರಿಯುದ್ದಕ್ಕೂ ಪತಿ ನನ್ನೊಡನೆ ಮಾತಾಡಲಿಲ್ಲ.

ನನ್ನ ಹೆದರಿಕೆಗೆ ಒಂದು ಹಿನ್ನೆಲೆ ಉಂಟು. ನನ್ನ ತವರಿನ ಹಳೇ ಮನೆಯ ಅಟ್ಟದ ಹಲಗೆಯಲ್ಲಿ ತೂತುಗಳಿದ್ದವು. ಚಿಕ್ಕಂದಿನಲ್ಲಿ ಅದು ಇಲಿ ಮಾಡಿದ್ದೆಂದು ತಿಳಿದಿದ್ದೆ. ಅಜ್ಜನ ಬಳಿ ಕೇಪಿನ ಕೋವಿ ಇತ್ತು. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ಸೇರಿಸಿ ಸಲಾಕೆಯಿಂದ ಜಡಿಯುವ ಕೋವಿ ಅದು. ಒಮ್ಮೆ ಅಜ್ಜ ಹಂದಿ ಕಾಯಲೆಂದು ರಾತ್ರಿ ಈಡು ತುಂಬಿಸಿದ್ದರು. ಹಂದಿ ಬರಲಿಲ್ಲ. ಬೆಳಗ್ಗೆ ಕೇಪು ಮಾತ್ರ ತೆಗೆದು ಕೋವಿಯನ್ನು ಗೋಡೆಗೆ ತೂಗು ಹಾಕಿ ಪೇಟೆಗೆ ಹೋದರು. ಕೇಪಿಲ್ಲದ ಕೋವಿ ಕಂಡು ಖಾಲಿಯೆಂದು ಭಾವಿಸಿದ ಮಾಮ, ಸದ್ದು ಕೇಳುವ ಆಸೆಯಿಂದ ಹೊಸ ಕೇಪು ಇಟ್ಟು ಟ್ರಿಗರ್ ಎಳೆದರು. ಅಟ್ಟದಲ್ಲಿ ಕರಿಮೆಣಸು ಹರಡುತ್ತಿದ್ದ ನನ್ನ ಉಮ್ಮ ಆಗ ತಾನೇ ಏಣಿಯಿಳಿದು ಬಂದಿದ್ದರಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಅಜ್ಜನ ಪ್ರಕಾರ ಕೋವಿ ತುಂಬಿತ್ತು, ಮಾಮನ ಪ್ರಕಾರ ಖಾಲಿ. ಒಂದೇ ಕೋವಿ, ಇಬ್ಬರ ನೆನಪು ಬೇರೆ ಬೇರೆ. ಆ ಬಗೆಯ ಕೋವಿಯನ್ನು ಹೊರಗಿನಿಂದ ನೋಡಿ ಹೇಳಲಾಗದು. ಸಲಾಕೆಯನ್ನು ನಳಿಗೆಯೊಳಗೆ ಇಳಿಸಿ, ಅದು ತಳ ಮುಟ್ಟಿತೋ ಇಲ್ಲವೋ ಎಂದು ಅಳೆದೇ ತಿಳಿಯಬೇಕು. ಈಗಿನ ಪಿಸ್ತೂಲುಗಳೂ ಮೋಸ ಮಾಡುತ್ತವೆ. ಗುಂಡುಗಳ ಮ್ಯಾಗಝಿನನ್ನು ಕಳಚಿದರೂ, ಆಗಲೇ ನಳಿಗೆಯ ಬುಡಕ್ಕೆ ಏರಿದ ಒಂದು ಗುಂಡು ಅಲ್ಲಿಯೇ ಉಳಿದಿರುತ್ತದೆ.

ತುಂಬಿದ ಕೋವಿಗೆ ಎಲ್ಲರೂ ಹೆದರುತ್ತಾರೆ, ದೂರ ನಿಲ್ಲುತ್ತಾರೆ. ಖಾಲಿ ಎನಿಸಿದ ಕೋವಿಯೊಂದಿಗೆ ಮಾತ್ರ ಸಲುಗೆ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಎಂಬ ಸಿನೆಮಾದ ಸೆಟ್‌ನಲ್ಲಿ, ಜೀವಂತ ಗುಂಡಿಲ್ಲ ಎಂದು ಹೇಳಿ ನಟನ ಬಳಿಗೆ ಬಂದ ರಿವಾಲ್ವರ್‌ನಿಂದ ಗುಂಡು ಹಾರಿ ಛಾಯಾಗ್ರಾಹಕಿ ಹೆಲಿನಾ ಹಚಿನ್ಸ್ ತೀರಿಕೊಂಡರು. ಕೋವಿಗಳ ಉಸ್ತುವಾರಿ ಹೊತ್ತಿದ್ದ ಯುವತಿಗೆ 2024ರಲ್ಲಿ 18 ತಿಂಗಳ ಜೈಲಾಯಿತು. ಅಷ್ಟು ದೂರವೇಕೆ? 2025ರ ಫೆಬ್ರವರಿಯಲ್ಲಿ ನಮ್ಮದೇ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಬಾಲಕನೊಬ್ಬ ಆಟಕ್ಕೆಂದು ಕೈಗೆತ್ತಿಕೊಂಡ ಕೋವಿಯಿಂದ ಗುಂಡು ಹಾರಿ ಒಂದು ಪುಟ್ಟ ಮಗು ಸತ್ತಿತು, ಅದರ ತಾಯಿಗೂ ಗಾಯವಾಯಿತು. ದುಡಿಮೆ ಹುಡುಕಿ ಪಶ್ಚಿಮ ಬಂಗಾಳದಿಂದ ಬಂದಿದ್ದ ಕುಟುಂಬ ಅದು. ಆ ಸುದ್ದಿ ಓದಿದ ದಿನ ನಾನು ಭಾವನ ಜಗಲಿಯನ್ನೇ ನೆನೆಯುತ್ತಾ ಕುಳಿತಿದ್ದೆ.

ಕೋವಿ ಬಳಸುವವರ ನಡುವೆ ಜೆಫ್ ಕೂಪರ್ ಎಂಬ ಅಮೆರಿಕದ ಮಾಜಿ ಸೈನ್ಯಾಧಿಕಾರಿಯ ನಾಲ್ಕು ನಿಯಮಗಳು ಪ್ರಸಿದ್ಧ. ಎಲ್ಲ ಕೋವಿಗಳೂ ಸದಾ ತುಂಬಿವೆ ಎಂದೇ ನಡೆದುಕೊಳ್ಳಬೇಕೆನ್ನುವುದು ಮೊದಲನೆಯದು. ಹೊಡೆಯಲು ಬಯಸದ ಯಾವುದರತ್ತಲೂ ಬಾಯಿ ತಿರುಗಿಸಬಾರದು, ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಮುಟ್ಟಬಾರದು, ಗುರಿಯ ಹಿಂದೆ ಏನಿದೆಯೆಂದು ತಿಳಿದಿರಬೇಕು ಎಂಬವು ಉಳಿದವು.

ಇದನ್ನು ಓದಿದಾಗ ನನಗೆ ಹೊಸತೆನಿಸಲಿಲ್ಲ. ಮದ್ರಸದಲ್ಲಿ ಕಲಿತದ್ದೇ ನೆನಪಾಯಿತು. ಅಬೂ ಹುರೈರಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್‌ನಲ್ಲಿ ಪ್ರವಾದಿವರ್ಯರು(ಸ) ತನ್ನ ಸಹೋದರನತ್ತ ಆಯುಧ ತೋರಿಸುವುದನ್ನು ವಿರೋಧಿಸಿದ್ದಾರೆ. ಶೈತಾನನು ಕೈ ತಪ್ಪಿಸಿ, ಅವನು ನರಕದ ಹೊಂಡಕ್ಕೆ ಬೀಳಬಹುದೆಂಬುದು ಅದಕ್ಕೆ ಕೊಟ್ಟ ಕಾರಣ. ಮುಸ್ಲಿಮ್‌ನ ಇನ್ನೊಂದು ವರದಿ ಇನ್ನೂ ಕಠಿಣ. ಕಬ್ಬಿಣವನ್ನು ಸಹೋದರನತ್ತ ಚಾಚಿದವನನ್ನು ದೇವಚರರು ಶಪಿಸುತ್ತಾರೆ, ಆತ ಒಂದೇ ತಂದೆ ತಾಯಿಯ ಮಗನಾಗಿದ್ದರೂ ಸರಿ. ಸ್ವಂತ ಅಣ್ಣ ತಮ್ಮಂದಿರೆಂದರೆ ಅಲ್ಲಿ ಕೊಲ್ಲುವ ಉದ್ದೇಶವಿಲ್ಲ, ತಮಾಷೆಯೇ ಇರಬಹುದು. ತಮಾಷೆಯಾಗಲಿ, ನಿಜವಾಗಲಿ ಎರಡೂ ನಿಷಿದ್ಧ, ಏಕೆಂದರೆ ಮುಸ್ಲಿಮನನ್ನು ಹೆದರಿಸುವುದೇ ಹರಾಮ್ ಎಂದು ಇಮಾಮ್ ನವವಿ(ರ) ವಿವರಿಸುತ್ತಾರೆ. ಆಗ ಕೋವಿ ಇರಲಿಲ್ಲ, ನಿಜ. ಆದರೆ ಒರೆಯಿಂದ ಹೊರತೆಗೆದ ಖಡ್ಗವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನೂ ಅವರು(ಸ) ತಡೆದಿದ್ದರು. ಮಸೀದಿ, ಮಾರುಕಟ್ಟೆಗಳಲ್ಲಿ ನಡೆಯುವಾಗ ಬಾಣದ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳುವಂತೆ ಹೇಳಿದ್ದರು. ಬಿಲ್ಲಿಗೇರಿಸದ ಬಾಣವದು! ಅದಕ್ಕಿಂತ ಖಾಲಿ ಆಯುಧ ಇನ್ನೇನಿದೆ?

ನನ್ನ ಮಗಳು ಅಂದು ಕಂಬದ ಹಿಂದೆ ಅಡಗಿದ್ದಳು. ಕೋವಿ ಖಾಲಿಯಾಗಿತ್ತು, ಆದರೆ ಅವಳ ಹೆದರಿಕೆ ಖಾಲಿಯಾಗಿರಲಿಲ್ಲ.

ಕೆಲ ವಾರಗಳ ನಂತರ ಭಾವ ನಮ್ಮ ಮನೆಗೆ ಬಂದಾಗ ವಿಷಯ ತಾನಾಗಿ ಬಂತು. "ಯಾವಾಗಲೂ ತುಂಬಿದೆ ಎಂದುಕೊಂಡರೆ ನಾನು ಅದನ್ನು ಶುಚಿ ಮಾಡುವುದು ಹೇಗೆ ಹೇಳಿ? ನಳಿಗೆಯೊಳಗೆ ಕಣ್ಣಿಟ್ಟು ನೋಡಬೇಡವೇ?" ಎಂದರು. ಮಾತಿನಲ್ಲಿ ಹುರುಳಿತ್ತು. ನಾನೂ ಒಪ್ಪಿದೆ. ಮುರಿದು ತೆರೆದಿಟ್ಟ ಕೋವಿ ಸಿಡಿಯಲಾರದು. ತೆರೆದು, ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿದವನು ಶುಚಿ ಮಾಡಲಿ. ಆದರೆ ಅದನ್ನು ಮುಚ್ಚಿದ ಕ್ಷಣ, ಅಥವಾ ಕೈಯಿಂದ ಕೆಳಗಿಟ್ಟು ಅತ್ತ ಹೋಗಿ ಬಂದ ಕ್ಷಣ, ಆ ಖಚಿತತೆ ಮುಗಿಯಿತು. ಮತ್ತೆ ತೆರೆದೇ ನೋಡಬೇಕು. "ಕರೆಂಟ್ ಇಲ್ಲವೆಂದು ಗೊತ್ತಿದ್ದರೂ ಲೈನ್‌ಮ್ಯಾನ್ ಪರೀಕ್ಷಿಸಿಯೇ ತಂತಿ ಮುಟ್ಟುವುದಲ್ಲವೇ ಭಾವಾ?" ಎಂದೆ. ಅವರು ಉತ್ತರಿಸಲಿಲ್ಲ. ಚಹಾ ಇನ್ನೊಂದು ಲೋಟ ಕೇಳಿದರು.

ನಮ್ಮ ಮನೆಗಳಲ್ಲಿ ಪರವಾನಿಗೆ ಗಂಡಸರ ಹೆಸರಲ್ಲಿರುತ್ತದೆ. ಆದರೆ ರಮಝಾನ್‌ಗೆ ಮುನ್ನ ಮನೆ ತೊಳೆಯುವಾಗ ಅದನ್ನು ಆ ಮೂಲೆಯಿಂದ ಈ ಮೂಲೆಗೆ ಸರಿಸುವವರು ನಾವು. ಅದರ ಮುಂದೆ ಓಡಾಡುವವರು ನಮ್ಮ ಮಕ್ಕಳು. ಕೋವಿಯ ವಿಷಯ ಹೆಂಗಸರಿಗೇಕೆ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಅದು ಯಾರ ಎದುರಿಗಿದೆಯೋ ಅವರಿಗೂ ಕೇಳುವ ಹಕ್ಕಿದೆ. ಅಂದಿನ ನನ್ನ ಸ್ವರ ಸ್ವಲ್ಪ ತಗ್ಗಿದ್ದರೆ ಒಳ್ಳೆಯದಿತ್ತು, ಅದನ್ನು ಒಪ್ಪುತ್ತೇನೆ. ಕೇಳಿದ್ದಕ್ಕೆ ಮಾತ್ರ ಪಶ್ಚಾತ್ತಾಪವಿಲ್ಲ.

ಕಳೆದ ಸಲ ಹೋದಾಗ ಜಗಲಿಯ ಬೆಂಚು ಬರಿದಾಗಿತ್ತು. ಕೋವಿ ಕಬ್ಬಿಣದ ಕಪಾಟು ಸೇರಿದೆ, ತೋಟಾಗಳು ಬೇರೆ ಕೋಣೆಯಲ್ಲಿವೆಯಂತೆ. ಬೀಗದ ಕೈ ಎಲ್ಲಿದೆಯೆಂದು ಓರಗಿತ್ತಿ ನನಗೂ ಹೇಳಲಿಲ್ಲ. "ಟೀಚರಿಗೂ ಹೇಳಬಾರದೆಂದು ಆಜ್ಞೆಯಾಗಿದೆ" ಎಂದು ಕಣ್ಣು ಮಿಟುಕಿಸಿ ನಕ್ಕರು.