ಕಾಲ ಕೆಳಗಿನ ಹಲಗೆ

ವಡೋದರಾದ ನಮ್ಮ ಮನೆಯ ಅಟ್ಟದ ಮೇಲೆ ಎರಡಡಿ ಉದ್ದದ ಒಂದು ಹಲಗೆ, ಅವ್ವನ ಹಳೇ ಸೀರೆಯೊಂದರಲ್ಲಿ ಸುತ್ತಿಕೊಂಡು ಹದಿಮೂರು ವರ್ಷ ಕೂತಿತ್ತು. ಅದು ನಮ್ಮಪ್ಪ ಓಡಿಸುತ್ತಿದ್ದ ಕಾರಿನ ತಳದ ಹಲಗೆ. ಆ ಕಾರಿನದು ಇಂಥವು ಇನ್ನೂ ಏಳಿದ್ದವು. ಅವನ್ನು ನಾನೇ ಕಳೆದೆ. ಹೇಗೆ ಕಳೆದೆ ಅನ್ನುವುದನ್ನು ಹೇಳಬೇಕಾದರೆ ನೂರು ವರ್ಷ ಹಿಂದಿನ ಅಮೆರಿಕದ ಮೋಟಾರು ಪಂದ್ಯಗಳ ಕಡೆ ಒಂದು ಸುತ್ತು ಹೋಗಿಬರಬೇಕು. ಸ್ವಲ್ಪ ತಾಳ್ಮೆ ಇರಲಿ.

ಅಪ್ಪ ಹುಬ್ಬಳ್ಳಿಯವರು. ಮುಂಬಯಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, 1957ರಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಯ ಶೇಠರೊಬ್ಬರ ಮನೆಗೆ ಡ್ರೈವರಾಗಿ ಬಂದರು. ಹುಬ್ಬಳ್ಳಿಯಿಂದ ಅಹಮದಾಬಾದು ಈಗ ದೂರ ಅನ್ನಿಸುತ್ತದೆ. ಆದರೆ 1956ರವರೆಗೆ ಎರಡೂ ಒಂದೇ ಮುಂಬಯಿ ರಾಜ್ಯದಲ್ಲಿದ್ದ ಊರುಗಳು. ಅಪ್ಪನ ಲೆಕ್ಕದಲ್ಲಿ ಅವರು ಪರದೇಶಕ್ಕೇನೂ ಹೋಗಿರಲಿಲ್ಲ. ಅವರ ಸುಪರ್ದಿಗೆ ಬಂದದ್ದು 1934ರ ಒಂದು ಶೆವರ್ಲೆ. ಜನರಲ್ ಮೋಟಾರ್ಸ್ ಕಂಪನಿ 1928ರಿಂದ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸುತ್ತಿತ್ತು, ಇದೂ ಅಲ್ಲಿಂದಲೇ ಬಂದದ್ದು. ಆ ಕಾಲದ ಶೆವರ್ಲೆಯ ಮೈಯಲ್ಲಿ ಹೊರಗೆ ತಗಡು, ಒಳಗೆ ಮರದ ಚೌಕಟ್ಟು. ಕಾಲಿಡುವ ಜಾಗಕ್ಕೂ ಮರದ ಹಲಗೆ, ಅದರ ಮೇಲೆ ರಬ್ಬರಿನ ಹಾಸು.

ಆ ಹಾಸಿನ ಕೆಳಗೆ ಅಪ್ಪ ಪೆನ್ಸಿಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಎಣ್ಣೆ ಯಾವತ್ತು ಬದಲಾಯಿಸಿದ್ದು, ಎಷ್ಟು ಮೈಲಿಗೆ, ಕಮಾನ್ ಪಟ್ಟಿ ಎಲ್ಲಿ ಮುರಿದದ್ದು, ಎಲ್ಲ ಕನ್ನಡದಲ್ಲಿ, ಕನ್ನಡದ ಅಂಕಿಗಳಲ್ಲಿ. ಪುಸ್ತಕ ಇಟ್ಟರೆ ಯಾರಾದರೂ ಒಯ್ಯುತ್ತಾರೆ, ಹಲಗೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಅವರ ವಾದ. ಇನ್ನೊಂದು ಅನುಕೂಲವೂ ಇತ್ತು: ಶೇಠರ ಮನೆಯಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ. ನಾನು ಏಳೆಂಟು ವರ್ಷದವನಿದ್ದಾಗ ಒಮ್ಮೆ ಹಾಸು ಎತ್ತಿ ತೋರಿಸಿದ್ದರು. ನನಗೆ ಆಗ ಸ್ಟೀರಿಂಗ್ ಹಿಡಿಯುವುದರ ಮೇಲೆಯೇ ಕಣ್ಣು.

ಎಂಬತ್ತರ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮ ಶೇಠರದೂ ಹಾಕಿತು. ಬಾಕಿ ಸಂಬಳದ ಬದಲಿಗೆ ಕಾರನ್ನೇ ಇಟ್ಟುಕೋ ಅಂದರು. ಅಷ್ಟರಲ್ಲಿ ನಾನು ವಡೋದರಾದಲ್ಲಿ ಕೆಲಸಕ್ಕೆ ಸೇರಿದ್ದೆ. ಅಪ್ಪ ಮಣಿನಗರದ ಚಾಲಿಯ ಸಾಲುಮನೆ ಬಿಟ್ಟು ಅವ್ವನನ್ನೂ ಶೆವರ್ಲೆಯನ್ನೂ ಕರೆದುಕೊಂಡು ಬಂದರು. 1998ರಲ್ಲಿ ತೀರಿಕೊಳ್ಳುವವರೆಗೂ ದಿನಾ ಅದರ ಧೂಳು ಒರೆಸಿದರು. ಅವರ ನಂತರ ಅದು ಶೆಡ್ಡಿನಲ್ಲಿ ನಿಂತೇ ಇತ್ತು.

2009ರಲ್ಲಿ ನನಗೆ ಕಾರಿನ ಹುಚ್ಚು ಹತ್ತಿತು. ಹತ್ತಿಸಿದ್ದು ಅಹಮದಾಬಾದಿನ ಹೊರಗೆ ಕಠವಾಡಾದಲ್ಲಿರುವ ಆಟೋ ವರ್ಲ್ಡ್ ಸಂಗ್ರಹಾಲಯ. ಪ್ರಾಣಲಾಲ್ ಭೋಗೀಲಾಲ್ ಎಂಬ ಉದ್ಯಮಿ, ಸಂಸ್ಥಾನಗಳು ಮುಗಿದು ರಾಜರ ಕಾರುಗಳು ಮೂಲೆ ಸೇರುತ್ತಿದ್ದ ಕಾಲದಲ್ಲಿ ಅವನ್ನು ಹುಡುಕಿ ಹುಡುಕಿ ತಂದು ನೂರಕ್ಕೂ ಹೆಚ್ಚು ಗಾಡಿ ಕೂಡಿಹಾಕಿದವರು. ರೋಲ್ಸ್ ರಾಯ್ಸ್, ಮೇಬ್ಯಾಕ್, ಪ್ಯಾಕಾರ್ಡ್, ಕ್ಯಾಡಿಲಾಕ್! ಆ ಮನುಷ್ಯ ಇಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ಗುಜರಿಗೆ ಹೋಗುತ್ತಿದ್ದವು. ಆ ಸಾಲುಗಳ ನಡುವೆ ನಡೆದುಬಂದವನಿಗೆ ನಮ್ಮ ಶೆಡ್ಡಿನ ಗಾಡಿ ತೀರಾ ಬಡವಾಗಿ ಕಂಡಿತು. ಎಡಗಡೆ ಮಡ್‌ಗಾರ್ಡಿನಲ್ಲಿ ತಗ್ಗು, ಬಣ್ಣ ಸೀಮೆಸುಣ್ಣದ ಹಾಗೆ ಕೈಗೆ ಹತ್ತುತ್ತಿತ್ತು. ಸೂರತ್ತಿನ ಒಂದು ವರ್ಕ್‌ಶಾಪಿಗೆ ಮಾತಾಡಿ ಲಾರಿಯ ಮೇಲೆ ಹೇರಿಸಿದೆ. ಭರೂಚಿನಲ್ಲಿ ನರ್ಮದಾ ಸೇತುವೆಯ ಮೇಲೆ ಎರಡು ತಾಸು ಜಾಮ್. ಹಿಂದೆ ಮುಂದೆ ನಿಂತ ಲಾರಿಗಳವರೆಲ್ಲ ಇಳಿದು ಬಂದು ಕಾರು ನೋಡಿ, ಎಷ್ಟಕ್ಕೆ ಕೊಡ್ತೀರಿ ಅಂದರು. ನನಗೆ ಹೆಮ್ಮೆಯೋ ಹೆಮ್ಮೆ.

ಹತ್ತು ತಿಂಗಳ ಮೇಲೆ ಗಾಡಿ ಮರಳಿ ಬಂತು. ಕನ್ನಡಿ ಹಾಗೆ ಹೊಳೆಯುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಅವ್ವ ಸುತ್ತ ಒಂದು ಸಲ ನಡೆದು ನೋಡಿದಳು. ಬಾಗಿಲು ತೆಗೆದು ಬಗ್ಗಿ, ಹೊಸ ಹಾಸಿನ ಅಂಚು ಎತ್ತಿದಳು. ಕೆಳಗೆ ಹಸಿ ಹಳದಿ ಬಣ್ಣದ ಹೊಸ ತೇಗ.

"ಹಲಗಿ ಎಲ್ಲಿ?" ಅಂದಳು. ನಾನು ಸುಮ್ಮನಿದ್ದೆ. "ನೀ ಹುಟ್ಟಿದ ದಿನಾನೂ ಅದರಾಗ ಬರದಾರ ನಿಮ್ಮಪ್ಪ."

ಇದು ನನಗೆ ಗೊತ್ತಿರಲಿಲ್ಲ. ಅದೇ ರಾತ್ರಿ ಫೋನು, ಮರುದಿನ ಬೆಳಗಿನ ರೈಲಿಗೆ ಸೂರತ್ತು. ವರ್ಕ್‌ಶಾಪಿನ ಬಡಗಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ. ಹುಳ ಹಿಡಿದ, ಎಣ್ಣೆ ಕುಡಿದ ಮರ. ಚಳಿಗಾಲದಲ್ಲಿ ಕಾವಲುಗಾರ ಒಲೆಗೆ ಹಾಕಿದ್ದಾನೆ. ಎಣ್ಣೆ ಕುಡಿದದ್ದಕ್ಕೆ ಚೆನ್ನಾಗಿಯೇ ಉರಿದಿರಬೇಕು. ಅವರ ತಪ್ಪೇನೂ ಅಲ್ಲ, ಎಲ್ಲ ಹೊಸದು ಮಾಡಿ ಅಂತ ಹೇಳಿದವನು ನಾನು. ಒಂದು ಹಲಗೆ ಮಾತ್ರ ಜಾಕಿನ ಕೆಳಗೆ ಕೊಡಲು ಉಳಿದಿತ್ತು. ಎಡಗಡೆಯದು, ಡ್ರೈವರನ ಪಕ್ಕದ ಸೀಟಿನ ಮುಂದಿನದು. ಅದರ ಮೇಲೆ ಆರು ಸಾಲು: ನಾಲ್ಕು ಎಣ್ಣೆಯವು, ಒಂದು ಮೆಹಸಾಣಾ ರಸ್ತೆಯಲ್ಲಿ ಕಮಾನ್ ಪಟ್ಟಿ ಮುರಿದದ್ದು, ಒಂದು ಅಳಿಸಿಹೋದದ್ದು. ಜಾಕಿನ ಗುರುತು ಕೂತಿದ್ದು ಆ ಕೊನೆಯದರ ಮೇಲೆಯೇ.

ಅಮೆರಿಕದ ಕತೆ ಬಂದದ್ದು ಇದಾದ ಎರಡು ವರ್ಷಕ್ಕೆ. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಗೆ ಭಾನುವಾರ ಸೇರುವ ಗುಜರಿ ಬಜಾರಿನಲ್ಲಿ, ಹಳೇ ಬೀಗ, ಹಿತ್ತಾಳೆ ಸೌಟುಗಳ ಪಕ್ಕ, ರಟ್ಟು ಹರಿದ ಅಮೆರಿಕನ್ ಮೋಟಾರು ಪತ್ರಿಕೆಯೊಂದು ಸಿಕ್ಕಿತು. ಒಳಗೆ ಒಂದು ಚಿತ್ರ: ಧೂಳಿನ ರಸ್ತೆಯಲ್ಲಿ ನುಗ್ಗುತ್ತಿರುವ ಬಾನೆಟ್ಟಿಲ್ಲದಷ್ಟು ಬೋಳು ಕಾರು, ಅದರಲ್ಲಿ ಇಬ್ಬರು. ಒಬ್ಬ ಸ್ಟೀರಿಂಗ್ ಹಿಡಿದಿದ್ದಾನೆ. ಇನ್ನೊಬ್ಬ ಪಕ್ಕದಲ್ಲಿ ಮುದುಡಿ ಕೂತು ಹಿಂದೆ ತಿರುಗಿ ನೋಡುತ್ತಿದ್ದಾನೆ. ಬರೆದವರು ಪೀಟರ್ ಹೆಲ್ಕ್.

ಆ ಇನ್ನೊಬ್ಬ ಯಾರು ಅಂತ ಹುಡುಕುತ್ತ ಹೋದವನು ನಾನು ಇವತ್ತಿಗೂ ಪೂರ್ತಿ ಹೊರಗೆ ಬಂದಿಲ್ಲ. ಆಗಿನ ಪಂದ್ಯಗಳು ಊರ ರಸ್ತೆಗಳಲ್ಲೇ ನಡೆಯುತ್ತಿದ್ದವು. 1895ರಲ್ಲಿ ಶಿಕಾಗೊದಲ್ಲಿ ಹಿಮದ ನಡುವೆ ನಡೆದ ಮೊದಲ ಪಂದ್ಯದಲ್ಲಿ ಫ್ರಾಂಕ್ ಡ್ಯೂರಿಯೆ ಸುಮಾರು 54 ಮೈಲಿ ಹೋಗಿಬರಲು ಇಡೀ ಹಗಲು ತೆಗೆದುಕೊಂಡು ಗೆದ್ದ. ಒಂಬತ್ತೇ ವರ್ಷಕ್ಕೆ, 1904ರಲ್ಲಿ, ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ವ್ಯಾಂಡರ್‌ಬಿಲ್ಟ್ ಕಪ್ ಶುರುವಾಯಿತು. ಧೂಳು ಏಳದಿರಲಿ ಅಂತ ರಸ್ತೆಗೆ ಎಣ್ಣೆ ಸುರಿಯುತ್ತಿದ್ದರು. ಜನ ನಮ್ಮ ಕಡೆ ತೇರು ನೋಡುವ ಹಾಗೆ ಗಾಲಿಗೆ ಅಂಟಿಕೊಂಡೇ ನಿಲ್ಲುತ್ತಿದ್ದರು. 1906ರಲ್ಲಿ ನೋಡಲು ಬಂದವನೊಬ್ಬ ಸತ್ತ, ಮರುವರ್ಷ ಪಂದ್ಯವೇ ನಡೆಯಲಿಲ್ಲ.

ಪ್ರತಿ ಕಾರಿನಲ್ಲೂ ಡ್ರೈವರನ ಪಕ್ಕ ಒಬ್ಬ ಮೆಕ್ಯಾನಿಕ್ ಕೂರಲೇಬೇಕಿತ್ತು. ಕೈಯಿಂದ ಎಣ್ಣೆ ಪಂಪು ಮಾಡುವುದು, ಟೈರು ನೋಡುವುದು, ಹಿಂದಿನಿಂದ ಯಾರು ಬರುತ್ತಿದ್ದಾರೆ ಹೇಳುವುದು, ಕೆಟ್ಟರೆ ಇಳಿದು ಸರಿಮಾಡುವುದು ಅವನ ಕೆಲಸ. ಹಿಡಿದುಕೊಳ್ಳಲು ಅವನಿಗೆ ಸ್ಟೀರಿಂಗೂ ಇಲ್ಲ. 1908ರ ಅಕ್ಟೋಬರಿನಲ್ಲಿ ಜಾರ್ಜ್ ರಾಬರ್ಟ್‌ಸನ್ 16ನೇ ನಂಬರಿನ ಲೋಕೋಮೊಬೀಲ್ ಓಡಿಸಿ ಆ ಕಪ್ ಗೆದ್ದ. ಅಮೆರಿಕನ್ ಕಾರೊಂದು ಅದನ್ನು ಗೆದ್ದದ್ದು ಅದೇ ಮೊದಲು. ಕೊನೆಯ ಸುತ್ತಿನಲ್ಲಿ ಟೈರು ಹೋಗಿತ್ತು, ಬದಲಾಯಿಸಿಕೊಂಡು ಓಡಿ ಎರಡು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಗೆದ್ದರು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ಕಿನ ಹೆಸರು ಗ್ಲೆನ್ ಎತ್‌ರಿಡ್ಜ್. ನೂರು ವರ್ಷದ ಮೇಲೆ ವಡೋದರಾದಲ್ಲಿ ಕೂತ ನನಗೆ ಈ ಹೆಸರು ಸಿಗುತ್ತದೆ. ಪಂದ್ಯದ ಹುಚ್ಚಿನವರು ಅದನ್ನು ಬರೆದಿಟ್ಟಿದ್ದಾರೆ, ಪುಸ್ತಕದಲ್ಲಿ, ಚಿತ್ರದಲ್ಲಿ.

ಆ ಹುಚ್ಚಿನವರಲ್ಲಿ ಹೆಲ್ಕ್ ದೊಡ್ಡವನು. ಹುಡುಗನಾಗಿದ್ದಾಗ ವ್ಯಾಂಡರ್‌ಬಿಲ್ಟ್ ಪಂದ್ಯ ಕಣ್ಣಾರೆ ನೋಡಿದ್ದವನು, ಬೆಳೆದು ಚಿತ್ರಕಾರನಾಗಿ, 1941ರಲ್ಲಿ ಅದೇ 16ನೇ ನಂಬರಿನ ಕಾರನ್ನು ಕೊಂಡುಕೊಂಡ. ಕೊಂಡು ಏನು ಮಾಡಿದ? ಹೊಸದು ಮಾಡಲಿಲ್ಲ. ಉದುರಿದ ಬಣ್ಣ ಉದುರಿದ ಹಾಗೇ, ಕಲೆ ಕಲೆಯಾಗಿಯೇ ಇಟ್ಟುಕೊಂಡು ಹಳ್ಳಿ ರಸ್ತೆಯಲ್ಲಿ ಓಡಿಸಿದ. ಈಗ ಅದು ಮಿಶಿಗನ್ನಿನ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿ ಅದೇ ಬಣ್ಣದಲ್ಲಿ ನಿಂತಿದೆ. ಇದನ್ನು ಓದಿದ ರಾತ್ರಿ ನಾನು ಶೆಡ್ಡಿಗೆ ಹೋಗಿ ದೀಪ ಹಾಕಿ, ನನ್ನ ಹೊಳೆಯುವ ಮಡ್‌ಗಾರ್ಡು ನೋಡುತ್ತ ನಿಂತೆ. ಎಡಗಡೆಯ ತಗ್ಗು ಎಲ್ಲಿತ್ತು ಅಂತ ಬೆರಳಿಗೆ ಗೊತ್ತಾಗಲಿಲ್ಲ.

ಇನ್ನೊಂದು ಕತೆ ಇದಕ್ಕಿಂತ ಚುಚ್ಚುವಂಥದು. 1908ರಲ್ಲೇ ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಹೊರಟು, ಜಪಾನು, ಸೈಬೀರಿಯಾ ದಾಟಿ ಪ್ಯಾರಿಸ್ಸಿಗೆ ಒಂದು ಪಂದ್ಯ ನಡೆಯಿತು. ಫೆಬ್ರವರಿ 12ಕ್ಕೆ ಹೊರಟ ಥಾಮಸ್ ಫ್ಲೈಯರ್ ಕಾರು ಪ್ಯಾರಿಸ್ ಮುಟ್ಟಿದ್ದು ಜುಲೈ 30ಕ್ಕೆ. ಮೆಕ್ಯಾನಿಕ್ಕಾಗಿ ಹೊರಟ ಜಾರ್ಜ್ ಶುಸ್ಟರ್ ದಾರಿಯಲ್ಲಿ ಡ್ರೈವರನಾಗಿ ಮುಗಿಸಿದ. 1964ರಲ್ಲಿ ಬಿಲ್ ಹ್ಯಾರಾ ಎಂಬ ಸಂಗ್ರಹಕಾರ ಒಂದು ಹಳೇ ಗಾಡಿ ಕೊಂಡು, ಇದು ಅದೇ ಕಾರು ಹೌದೋ ಅಲ್ಲವೋ ಅಂತ ತೊಂಬತ್ತು ದಾಟಿದ ಶುಸ್ಟರನನ್ನು ಕರೆಸಿದ. ಮುದುಕ ಒಪ್ಪಲಿಲ್ಲ. ಬಿಚ್ಚುತ್ತ ಹೋದಾಗ ಚೌಕಟ್ಟಿನಲ್ಲಿ ದಾರಿಯಲ್ಲಿ ತಾನೇ ಮಾಡಿದ್ದ ರಿಪೇರಿ ಕಂಡಿತು. ಆಮೇಲೆಯೇ ಹೌದು ಅಂದ. ಹ್ಯಾರಾ ಅದನ್ನು ಹೊಸ ಕಾರಿನ ಹಾಗೆ ಮಾಡಲಿಲ್ಲ, ಪ್ಯಾರಿಸ್ ತಲುಪಿದ ದಿನ ಹೇಗಿತ್ತೋ ಹಾಗೆ ಮಾಡಿಸಿದ. ರೀನೊ ಊರಿನಲ್ಲಿ ಈಗಲೂ ಇದೆ.

ಅಂದಹಾಗೆ, ನಮ್ಮ ಕಾರಿಗೆ ಹೆಸರು ಕೊಟ್ಟವನೂ ಇದೇ ಪಂಗಡದವನು. ಲೂಯಿ ಶೆವರ್ಲೆ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಮೆಕ್ಯಾನಿಕ್. 1905ರ ವ್ಯಾಂಡರ್‌ಬಿಲ್ಟ್ ಕಪ್ಪಿನಲ್ಲಿ ಫಿಯೆಟ್ ಓಡಿಸಿದ. 1909ರಲ್ಲಿ ಇಂಡಿಯಾನಾದ ಕ್ರೌನ್ ಪಾಯಿಂಟಿನಲ್ಲಿ ಬ್ಯೂಕ್ ಓಡಿಸಿ, ಎಂಟು ತಾಸಿನಲ್ಲಿ 395 ಮೈಲಿಯ ಪಂದ್ಯ ಗೆದ್ದ. 1911ರಲ್ಲಿ ಅವನ ಹೆಸರಿನ ಕಂಪನಿ ಶುರುವಾಯಿತು, ಕೆಲವೇ ವರ್ಷಗಳಲ್ಲಿ ಅವನು ಜಗಳವಾಡಿ ಹೊರಬಂದ. ಹೆಸರು ಅಲ್ಲೇ ಉಳಿಯಿತು. ಅಪ್ಪನ ಕೈಗೆ ಬಂದ ಗಾಡಿ ತಯಾರಾದಾಗ ಅದರಲ್ಲಿ ಅವನಿಗೆ ಪಾಲಿರಲಿಲ್ಲ. ಅಪ್ಪನಿಗೆ ಈ ಕತೆ ಹೇಳಿದ್ದರೆ ಬಹಳ ನಗುತ್ತಿದ್ದರು.

2023ರ ಜನವರಿಯಲ್ಲಿ ನಮ್ಮೂರಿನ ಲಕ್ಷ್ಮೀವಿಲಾಸ ಅರಮನೆಯ ಹುಲ್ಲುಹಾಸಿನ ಮೇಲೆ '21 ಗನ್ ಸೆಲ್ಯೂಟ್' ಹಳೇ ಕಾರುಗಳ ಮೇಳ ನಡೆಯಿತು. ದೇಶದ ಎಲ್ಲ ಕಡೆಯ ಗಾಡಿಗಳು. ನಾನು ಬರೀ ನೋಡಲು ಹೋದವನು. ನಿಂತು ಮಾತಾಡಿದ ಮಾಲೀಕರಿಗೆಲ್ಲ ಒಂದೇ ಪ್ರಶ್ನೆ ಕೇಳಿದೆ: ಇದನ್ನು ಓಡಿಸುತ್ತಿದ್ದವರು ಯಾರು? ಹೆಚ್ಚಿನವರು ಯಾವ ಮಹಾರಾಜರದು ಅಂತ ಹೇಳಿದರು. ಅದಲ್ಲ, ಡ್ರೈವರು ಯಾರು ಅಂದೆ. ಕೆಲವರು ನಕ್ಕರು. ಇಬ್ಬರಿಗೆ ಹೆಸರು ಗೊತ್ತಿತ್ತು. ಒಬ್ಬರು, ಆ ಡ್ರೈವರನ ಮಗ ಇನ್ನೂ ಇದ್ದಾನೆ, ಕ್ಲಚ್ಚಿನ ಕೆಲಸಕ್ಕೆ ಅವನನ್ನೇ ಕರೆಸುತ್ತೇವೆ ಅಂದರು. ಆ ಎರಡೂ ಹೆಸರುಗಳನ್ನು, ಊರು ಮತ್ತು ವರ್ಷದ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ. ಈಗ ಅದರಲ್ಲಿ ಹದಿನಾಲ್ಕು ಹೆಸರುಗಳಿವೆ. ಮೊದಲನೆಯದು ಯಾರದು ಅಂತ ಹೇಳಬೇಕಾಗಿಲ್ಲ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ ಸರಕಾರ 2021ರಿಂದ 'ವಿಎ' ಅನ್ನುವ ಬೇರೆ ನಂಬರು ಕೊಡುತ್ತದೆ. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ, ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುವ ಷರತ್ತು. ಷಾಸಿ, ಮೈ, ಎಂಜಿನ್ನು ಮೂಲದ್ದು ಹೌದಾದ್ದರಿಂದ ನಮ್ಮದು ಪಾಸಾದೀತು ಅಂತ ಸ್ನೇಹಿತರು ಹೇಳುತ್ತಾರೆ. ನಾನು ಇನ್ನೂ ಅರ್ಜಿ ಹಾಕಿಲ್ಲ.

ಮೇಳ ಮುಗಿದ ಮೇಲಿನ ಭಾನುವಾರ ಅಟ್ಟದಿಂದ ಹಲಗೆ ಇಳಿಸಿದೆ. ಅವ್ವ ಇರುವಾಗಲೇ ಮಾಡಬೇಕಿತ್ತು, ಅವಳು ಹೋಗಿ ಏಳು ವರ್ಷವಾಗಿತ್ತು. ಎಡಗಡೆಯ ಹೊಸ ತೇಗದ ಹಲಗೆ ಬಿಚ್ಚಿ ಹಳೆಯದನ್ನು ಕೂರಿಸಿದೆ. ಜಾಕು ಒತ್ತಿದ್ದಕ್ಕೆ ಒಂದು ಕಡೆ ಉಬ್ಬಿತ್ತು, ಕೆರೆಯಲು ಮನಸ್ಸಾಗಲಿಲ್ಲ, ಹಾಗೇ ಸ್ಕ್ರೂ ಹಾಕಿದೆ. ನಡೆದರೆ ಸ್ವಲ್ಪ ಕಿರುಗುಡುತ್ತದೆ. ಆಮೇಲೆ ಎಣ್ಣೆ ಬದಲಾಯಿಸಿದೆ. ಪಕ್ಕದ ಹೊಸ ಹಲಗೆಯ ಮೇಲೆ ಬಡಗಿಯ ಪೆನ್ಸಿಲಿನಲ್ಲಿ ತಾರೀಖು ಬರೆದೆ. ಕನ್ನಡ ಅಂಕಿ ಬರೆದು ಎಷ್ಟು ವರ್ಷವಾಗಿತ್ತೋ, ಆರು ಬರೆಯುವಾಗ ಒಂಬತ್ತೋ ಅಂತ ಒಂದು ಗಳಿಗೆ ಅನುಮಾನ ಬಂತು.

ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಗುಜರಾತಿ, ಹಿಂದಿ, ಇಂಗ್ಲಿಷು ಬರುತ್ತದೆ.

"ದಾದಾ, ಆ ಶುಂ ಲಖ್ಯುಂ ಛೆ?" ಅಂದಳು. ಏನು ಬರೆದದ್ದು ಅಂತ.

ಎಣ್ಣೆ ಬದಲಿ, ಅಂದೆ. ಪೆನ್ಸಿಲು ಇಸಿದುಕೊಂಡು ಹಲಗೆಯ ಮೇಲೆ ಬಗ್ಗಿದಳು, "ಎ ಹೇಗೆ ಬರೆಯೋದು?" ಅಂತ ಕೇಳಿದಳು.